ಬಾಗಿಲು ತಟ್ಟುವುದನ್ನು ನಿಲ್ಲಿಸಿದವರು


ಇಂದಿನ ಧಮ್ಮ ಚಿಂತನೆ, ಮಾರನಹಳ್ಳಿ ಅಧ್ಯಯನ ಬಳಗದಿಂದ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದದ್ದು ನಮ್ಮ ಮಕ್ಕಳಿಗೂ ಗೊತ್ತು. ಅದಕ್ಕೆ 58 ವರ್ಷ ಮೊದಲೇ ದಕ್ಷಿಣದಲ್ಲಿ ಒಬ್ಬರು ಈ ದಾರಿ ಹಿಡಿದಿದ್ದರು. ಅವರೇ ಪಂಡಿತ ಅಯೋತಿದಾಸರು. ಅವರು ಹಚ್ಚಿದ ದೀಪ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಉರಿಯಿತು. ಆದ್ದರಿಂದ ಇಂದು ಅವರನ್ನು ನೆನೆಯೋಣ.

ಅವರು ಹುಟ್ಟಿದ್ದು 1845ರ ಮೇ 20ರಂದು, ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಪರೈಯರ್ ಸಮುದಾಯದಲ್ಲಿ. ಮನೆಯವರು ಇಟ್ಟ ಹೆಸರು ಕಾತವರಾಯನ್. ವಿದ್ಯೆ ಕೊಟ್ಟ ಗುರುವಿನ ಹೆಸರನ್ನೇ ಆಮೇಲೆ ತಮ್ಮ ಹೆಸರಾಗಿ ಇಟ್ಟುಕೊಂಡರು. ಸಿದ್ಧ ವೈದ್ಯರಾಗಿ, ತಮಿಳು ವಿದ್ವಾಂಸರಾಗಿ ಹೆಸರು ಮಾಡಿದರು. ನೀಲಗಿರಿಯಲ್ಲಿದ್ದಾಗ 1870ರ ದಶಕದಲ್ಲಿ ಅದ್ವೈತಾನಂದ ಸಭೆ ಕಟ್ಟಿದರು. ಎಲ್ಲರೂ ಒಂದೇ ಎನ್ನುವ ಮತದಲ್ಲಿ ತಮ್ಮ ಜನರಿಗೂ ಜಾಗ ಸಿಗಬಹುದು ಎಂದು ಆಗ ಅನಿಸಿರಬೇಕು.

1891ರಲ್ಲಿ ದ್ರಾವಿಡ ಮಹಾಜನ ಸಭೆ ಶುರುಮಾಡಿದರು. ಮರುವರ್ಷ ಮದರಾಸಿನಲ್ಲಿ ದೊಡ್ಡವರು ಸೇರಿದ್ದ ಸಭೆಯಲ್ಲಿ ಎದ್ದು ನಿಂತು, ನಮ್ಮ ಜನರಿಗೂ ದೇವಸ್ಥಾನದ ಒಳಗೆ ಪ್ರವೇಶ ಬೇಕು ಎಂದು ಕೇಳಿದರು. ಸಿಕ್ಕಿದ್ದು ತಿರಸ್ಕಾರ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಅವರಿಗೆ ಐವತ್ತು ಹತ್ತಿರವಾಗಿತ್ತು. ವೈದ್ಯವೃತ್ತಿ ಇತ್ತು, ಪಂಡಿತರೆಂಬ ಗೌರವ ಇತ್ತು. ವರ್ಷಕ್ಕೊಂದು ಮನವಿ ಬರೆದುಕೊಂಡು ಇದ್ದುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ತೆರೆಯದ ಬಾಗಿಲನ್ನು ತಟ್ಟುತ್ತಾ ನಿಲ್ಲುವುದೂ ಒಂದು ಅಭ್ಯಾಸ. ನೋವಿನದೇ ಆದರೂ ಅದು ಪರಿಚಯದ ನೋವು.

ಅವರು ತಟ್ಟುವುದನ್ನು ನಿಲ್ಲಿಸಿದರು. 1898ರಲ್ಲಿ, 53ನೇ ವಯಸ್ಸಿನಲ್ಲಿ, ಕರ್ನಲ್ ಆಲ್ಕಾಟರ ನೆರವಿನಿಂದ ಸಮುದ್ರ ದಾಟಿ ಕೊಲಂಬೊಗೆ ಹೋದರು. ಭಿಕ್ಷು ಸುಮಂಗಲ ಥೇರರ ಬಳಿ ಪಂಚಶೀಲ ಸ್ವೀಕರಿಸಿದರು. ಹಿಂತಿರುಗಿ ಮದರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘ ಸ್ಥಾಪಿಸಿದರು.

ದೀಕ್ಷೆ ಒಂದು ದಿನದ್ದು. ಬದಲಾವಣೆ ಆಮೇಲಿನ ದಿನಗಳದ್ದು. 1907ರ ಜೂನ್ 19ರಂದು ಅವರು ಒಂದು ಪೈಸೆ ಬೆಲೆಯ ವಾರಪತ್ರಿಕೆ ಶುರುಮಾಡಿದರು. 1914ರ ಮೇ 5ರಂದು ತೀರಿಕೊಳ್ಳುವವರೆಗೂ ಬರೆದರು. ನಮ್ಮ ಪೂರ್ವಿಕರು ಬೌದ್ಧರು, ಧಮ್ಮಕ್ಕೆ ಬರುವುದೆಂದರೆ ನಮ್ಮ ಮನೆಗೇ ನಾವು ಮರಳುವುದು ಎಂದು ಜನರಿಗೆ ತಿಳಿಸಿದರು.

ಕೆಜಿಎಫ್‌ನ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ ಈ ಮಾತು ಬೇರು ಬಿಟ್ಟಿತು. ಊರು ಬಿಟ್ಟು ಬಂದು ಭೂಮಿಯ ಆಳದಲ್ಲಿ ದುಡಿಯುತ್ತಿದ್ದ ಗಣಿ ಕಾರ್ಮಿಕರು ಅಲ್ಲಿ ಸಂಘ ಕಟ್ಟಿದರು, ಧಮ್ಮದ ಪುಸ್ತಕ ಅಚ್ಚು ಹಾಕಿಸಿದರು, ತಮ್ಮ ಮದುವೆಗಳನ್ನು ಬೌದ್ಧ ರೀತಿಯಲ್ಲಿ ನಡೆಸಿದರು. ಶಾಕ್ಯ ಸಂಘದಲ್ಲಿ ಜೊತೆಗಿದ್ದ ಪ್ರೊ. ಲಕ್ಷ್ಮೀನರಸು ಬೌದ್ಧ ಧರ್ಮದ ಸಾರದ ಬಗ್ಗೆ ಬರೆದ ಪುಸ್ತಕವನ್ನು 1948ರಲ್ಲಿ ಬಾಬಾಸಾಹೇಬರೇ ಮುನ್ನುಡಿ ಬರೆದು ಮತ್ತೆ ಪ್ರಕಟಿಸಿದರು. ದೀಪದಿಂದ ದೀಪ ಹತ್ತಿದ್ದು ಹೀಗೆ.

ಇದನ್ನು ಬರೆಯುವಾಗ ನನಗೆ ನಮ್ಮ ಮನೆಯ ಮಾತೇ ನೆನಪಾಗುತ್ತಿದೆ. ಕಾಫಿ ಕುಯ್ಲು ಮುಗಿದ ಮೇಲೆ ತಂಗಿಯ ಮದುವೆ. ತಿಸರಣ ಪಂಚಶೀಲ ಹೇಳಿ ಮಾಡೋಣ ಎಂದು ಅವಳೇ ಕೇಳಿದ್ದಾಳೆ. ದೊಡ್ಡಪ್ಪನಿಗೆ ಒಪ್ಪಿಗೆ ಇಲ್ಲ. ಮುಹೂರ್ತ ಇಲ್ಲದೆ ನೆಂಟರು ಬರುತ್ತಾರಾ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಕೇಳುತ್ತಾರೆ. ಅವರ ಭಯ ಸುಳ್ಳಲ್ಲ, ಅವರನ್ನು ನೋಯಿಸಿ ಗೆಲ್ಲುವುದು ಧಮ್ಮವೂ ಅಲ್ಲ. ಆದರೆ ಎಲ್ಲರೂ ಒಪ್ಪಲಿ ಎಂದು ಕಾಯುತ್ತಾ ಕುಳಿತರೆ ತಂಗಿಯ ಮಾತು ಮಾತಾಗಿಯೇ ಉಳಿಯುತ್ತದೆ. ಈ ಭಾನುವಾರ ದೊಡ್ಡಪ್ಪನ ಪಕ್ಕ ಕುಳಿತು ಗಣಿಯ ಆ ಮದುವೆಗಳ ಕಥೆ ಹೇಳಬೇಕು ಎಂದುಕೊಂಡಿದ್ದೇನೆ.

ಬಂಧುಗಳೇ, ನಾವೆಲ್ಲ ಪಂಚಶೀಲ ಹೇಳಿದವರು. ಹೇಳಿದ ಮೇಲೂ ಮನೆಯಲ್ಲಿ ಬದಲಾಗದೆ ಉಳಿದಿರುವುದು ಯಾವುದು? ಹಳೆಯ ಹರಕೆಯೋ, ಸಂಜೆಯ ಕುಡಿತವೋ, ವಂದನೆ ಹೇಳಿಕೊಡಲು ಹೆಣ್ಣುಮಕ್ಕಳನ್ನು ಮುಂದೆ ಕರೆಯದ ಸಂಕೋಚವೋ? ಎಲ್ಲವೂ ಬೇಡ. ಒಂದನ್ನು ಆರಿಸಿಕೊಳ್ಳಿ, ಇವತ್ತೇ ಶುರುಮಾಡಿ.

ಜೈಭೀಮ್. ನಮೋ ಬುದ್ಧಾಯ.