ಬೇಡ ಅನ್ನುವ ಸ್ವರಕ್ಕೂ ಕಿವಿಗೊಟ್ಟವನು: ಸಾಕ್ರಟೀಸನ ಜೀವಿತ

ಅರಸೀಕೆರೆ, ಬೇಲೂರು, ಹಳೇಬೀಡಿನ ಪ್ರಿಯ ಯೌವನಸ್ಥರೇ, ಈ ದಿನ ಸತ್ಯವೇದದಲ್ಲಿ ಹೆಸರು ಬಾರದ ಒಬ್ಬ ಮನುಷ್ಯನ ಬಗ್ಗೆ ಮಾತಾಡೋಣ. ಪೌಲನು ಅಥೇನೆ ಪಟ್ಟಣಕ್ಕೆ ಹೋಗುವುದಕ್ಕೆ ಸುಮಾರು 450 ವರ್ಷ ಮೊದಲು ಅದೇ ಪಟ್ಟಣದಲ್ಲಿ ಸತ್ತವನು, ಸಾಕ್ರಟೀಸ್.

ಅವನ ತಂದೆ ಕಲ್ಲುಕುಟಿಗ, ತಾಯಿ ಸೂಲಗಿತ್ತಿ. ಕಲ್ಲಿನ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಬೇಲೂರಿನವರಿಗೆ ನಾನು ಹೇಳಬೇಕಾಗಿಲ್ಲ. ಸಾಕ್ರಟೀಸನಿಗೂ ಅದೇ ತಾಳ್ಮೆ. ಬರಿಗಾಲಲ್ಲಿ ಸಂತೆಬೀದಿ ಸುತ್ತುತ್ತಾ ಸಿಕ್ಕವರನ್ನೆಲ್ಲಾ ಪ್ರಶ್ನೆ ಕೇಳುತ್ತಿದ್ದ. ಅದು ದೇವರು ತನಗೆ ಕೊಟ್ಟ ಸೇವೆ ಅಂತ ನಂಬಿದ್ದ. ಫೀಸು ತಗೊಳ್ಳಲಿಲ್ಲ, ಬಡವನಾಗಿಯೇ ಉಳಿದ. ಒಂದು ಪುಸ್ತಕವನ್ನೂ ಬರೆಯಲಿಲ್ಲ. ನಮಗೆ ಗೊತ್ತಿರುವುದು ಹೆಚ್ಚಾಗಿ ಅವನ ಶಿಷ್ಯರಾದ ಪ್ಲೇಟೊ, ಕ್ಸೆನೊಫೋನ್ ಬರೆದಿಟ್ಟದ್ದು.

ಚಿಕ್ಕಂದಿನಿಂದ ತನಗೊಂದು ದೈವಿಕ ಸ್ವರ ಕೇಳಿಸುತ್ತದೆ ಅಂತ ಅವನು ಹೇಳುತ್ತಿದ್ದ. ಪ್ಲೇಟೊ ಬರೆದ ಪ್ರಕಾರ ಆ ಸ್ವರ ಯಾವತ್ತೂ ಇದನ್ನು ಮಾಡು ಅನ್ನಲಿಲ್ಲ, ತಪ್ಪು ಹೆಜ್ಜೆ ಇಡುವಾಗ ಬೇಡ ಅಂತ ತಡೆಯುತ್ತಿತ್ತು, ಅಷ್ಟೇ. ರಾಜಕೀಯಕ್ಕೆ ಇಳಿಯದಂತೆ ತಡೆದದ್ದೂ ಅದೇ. ಅವನು ನಿಂತುಬಿಟ್ಟ.

ಮನುಷ್ಯರ ಬೆದರಿಕೆಗೆ ಮಾತ್ರ ಅವನು ಬಗ್ಗಲಿಲ್ಲ. ಕ್ರಿ.ಪೂ. 406ರಲ್ಲಿ ಜನರ ಗುಂಪು ಕಾನೂನು ಮೀರಿ ಸೇನಾಪತಿಗಳನ್ನೆಲ್ಲಾ ಒಂದೇ ಸಲಕ್ಕೆ ವಿಚಾರಿಸಿ ಕೊಲ್ಲಿಸಲು ಹೊರಟಾಗ, ಸಭೆ ನಡೆಸುತ್ತಿದ್ದವರಲ್ಲಿ ಇವನೊಬ್ಬನೇ ಒಪ್ಪಲಿಲ್ಲ. ಆಮೇಲೆ ಮೂವತ್ತು ಮಂದಿ ಸರ್ವಾಧಿಕಾರಿಗಳು ಐದು ಜನರನ್ನು ಕರೆಸಿ, ಕೊಲ್ಲುವುದಕ್ಕಾಗಿ ಲಿಯೋನ್ ಎಂಬ ನಿರಪರಾಧಿಯನ್ನು ಹಿಡಿದು ತರಲು ಆಜ್ಞಾಪಿಸಿದರು. ನಾಲ್ವರು ಹೋದರು, ಸಾಕ್ರಟೀಸ್ ಸುಮ್ಮನೆ ಮನೆಗೆ ಹೋದ.

ಕ್ರಿ.ಪೂ. 399ರಲ್ಲಿ, ಸುಮಾರು 70ರ ಪ್ರಾಯದಲ್ಲಿ, ಅವನ ಮೇಲೆ ಕೇಸು ಬಂತು. ಪಟ್ಟಣದ ದೇವರುಗಳನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ. ಇಂಥ ಮಾತು ನಮ್ಮಲ್ಲಿ ಕೆಲವರು ಮನೆಯಲ್ಲೇ ಕೇಳಿದ್ದೀರಿ, ಅಲ್ವಾ? ಇನ್ನು 30 ಓಟು ಅವನ ಕಡೆ ತಿರುಗಿದ್ದರೆ ಬಿಡುಗಡೆ ಆಗುತ್ತಿತ್ತು. ಆದರೆ ಮರಣದಂಡನೆ ಆಯಿತು. ಆ ಇಡೀ ದಿನ ಸ್ವರ ಅವನನ್ನು ಒಮ್ಮೆಯೂ ತಡೆಯಲಿಲ್ಲ. ಆದ್ದರಿಂದ ಮುಂದಿರುವ ಮರಣ ಕೆಡುಕಲ್ಲ ಅಂತ ಅವನು ತಿಳಿದುಕೊಂಡ. ಗೆಳೆಯ ಕ್ರಿಟೊ ಜೈಲಿನಿಂದ ತಪ್ಪಿಸಲು ಸಿದ್ಧನಾಗಿದ್ದ. ಸಾಕ್ರಟೀಸ್ ಒಪ್ಪದೆ ವಿಷದ ಪಾತ್ರೆ ಕುಡಿದ.

ಪ್ರಿಯರೇ, ಅವನು ನಮ್ಮ ರಕ್ಷಕನನ್ನು ಅರಿಯದವನು. ಒಳಗೆ ಕೇಳುವ ಎಲ್ಲಾ ಸ್ವರವೂ ಪವಿತ್ರಾತ್ಮನದಲ್ಲ, ವಾಕ್ಯದಿಂದ ಪರೀಕ್ಷಿಸಲೇಬೇಕು. ಆದರೂ ಎರಡನೇ ಶತಮಾನದ ಜಸ್ಟಿನ್ ಎಂಬ ವಿಶ್ವಾಸಿ, ಕ್ರೈಸ್ತರಂತೆ ಸಾಕ್ರಟೀಸನನ್ನೂ ದೇವರಿಲ್ಲದವನು ಅಂತ ದೂರಿದ್ದರೆಂದು ನೆನಪಿಸಿದ. ತತ್ವಜ್ಞಾನ ಕಲಿತು ಕ್ರಿಸ್ತನ ಬಳಿಗೆ ಬಂದ ಆ ಜಸ್ಟಿನ್, ಸುಮಾರು ಕ್ರಿ.ಶ. 165ರಲ್ಲಿ ರೋಮ್‌ನಲ್ಲಿ ರಕ್ತಸಾಕ್ಷಿಯಾದ.

ಮಬ್ಬು ಬೆಳಕಲ್ಲಿದ್ದವನು ಬೇಡ ಅಂದಾಗ ನಿಂತ. ಪೂರ್ಣ ಬೆಳಕಲ್ಲಿರುವ ನಾವು? ಕೆಲಸ, ವೀಸಾ, ಮದುವೆ ಅಂತ ಉಪವಾಸ ಮಾಡಿ ಕೇಳುತ್ತೇವೆ, ಆದರೆ ಹಸಿರು ದೀಪ ಮಾತ್ರ ಬೇಕು. ಅರಸೀಕೆರೆ ಜಂಕ್ಷನ್ನಿಗೆ ಮೊದಲು ರೈಲು ಕೆಂಪು ಸಿಗ್ನಲ್ಲಿಗೆ ನಿಂತರೆ, ರೈಲ್ವೆಯವರು ನಮ್ಮನ್ನು ಮರೆತರು ಅಂತ ಯಾರೂ ಅಳುವುದಿಲ್ಲ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ಓದಿರಿ. ಆತ್ಮನು ಪೌಲನನ್ನು ಆಸ್ಯದಲ್ಲಿ ಸಾರದಂತೆ ತಡೆದನು, ಬಿಥೂನ್ಯಕ್ಕೂ ಬಿಡಲಿಲ್ಲ. ಪೌಲನು ವಿಧೇಯನಾದದ್ದರಿಂದ ಮಕೆದೋನ್ಯದ ದಾರಿ ತೆರೆಯಿತು, ಅದೇ ದಾರಿ 17ನೇ ಅಧ್ಯಾಯದಲ್ಲಿ ಅವನನ್ನು ಸಾಕ್ರಟೀಸನ ಪಟ್ಟಣಕ್ಕೆ ತಂದಿತು.

ಈ ವಾರ ದೇವರು ಯಾವುದಕ್ಕೆ ಬೇಡ ಅನ್ನುತ್ತಿದ್ದಾನೆ? ಆ ಸಂಬಂಧವೋ, ಆ ಕಳ್ಳ ಲೆಕ್ಕವೋ, ರಾತ್ರಿ ಕೈಯಲ್ಲಿರುವ ಆ ಮೊಬೈಲೋ? ನಿಮಗೇ ಗೊತ್ತು. ಎದ್ದು ನಿಲ್ಲೋಣ, ಅದನ್ನು ಆತನ ಪಾದಕ್ಕೆ ಒಪ್ಪಿಸಿ ಪ್ರಾರ್ಥಿಸೋಣ. ಆಮೆನ್.