ಕಿಟೆಲರ ನಿಘಂಟೂ ನನ್ನ ಅಜ್ಜನ ಲೆಕ್ಕದ ಪುಸ್ತಕವೂ

ನಾನು ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿ. ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಕಂಪ್ಯೂಟರ್ ಬಗ್ಗೆ ಏನಾದರೂ ಬರೆಯಬೇಕೆಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದದ್ದು ಕಂಪ್ಯೂಟರನ್ನೇ ನೋಡದೆ ತೀರಿಹೋದ ಒಬ್ಬ ಮಹನೀಯರು: ರೆವರೆಂಡ್ ಫರ್ಡಿನಾಂಡ್ ಕಿಟೆಲ್. ಶಾಲೆಯಲ್ಲಿ ಅವರ ಹೆಸರನ್ನು ಒಂದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದೆ. ಅವರ ಕೆಲಸ ಎಂಥದ್ದೆಂದು ಅರ್ಥವಾದದ್ದು ನೌಕರಿಗೆ ಸೇರಿದ ಮೇಲೆಯೇ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಬಂದದ್ದು ಧರ್ಮಪ್ರಚಾರಕ್ಕೆ, ಆದರೆ ಮನಸ್ಸು ಹೋದದ್ದು ಕನ್ನಡದ ಕಡೆಗೆ. ಹಳೆಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸುಗಳಲ್ಲಿ ಅವರು ಮುಳುಗಿದ್ದನ್ನು ಮಿಶನ್ನಿನ ಹಿರಿಯರೆಲ್ಲ ಮೆಚ್ಚಲಿಲ್ಲ. 1864ರಲ್ಲಿ ಪತ್ನಿ ಪೌಲಿನ್ ತೀರಿಕೊಂಡರು. ದುಃಖದ ನಡುವೆಯೂ ಓದು ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ದೊಡ್ಡ ಕೆಲಸ ನಿಘಂಟಿನದು. ಅದಕ್ಕೂ ಮೊದಲು, 1832ರಲ್ಲಿ, ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಬಂದಿತ್ತು. ಕಿಟೆಲರಿಗೆ ಅದು ಸಾಲದು. ಊರಿನ ಪಂಡಿತರ ನೆರವಿನಿಂದ ತಾಳೆಗರಿ, ಅಚ್ಚಾದ ಗ್ರಂಥ, ಗಾದೆ, ಜನರ ಬಾಯಿಮಾತು ಎಲ್ಲದರಿಂದಲೂ ಪದಗಳನ್ನು ಕೂಡಿಹಾಕಿದರು. 1877ರಲ್ಲಿ ಜರ್ಮನಿಗೆ ಮರಳಿದರೂ, ನಿಘಂಟು ಮುಗಿಸಲೆಂದೇ 1883ರಲ್ಲಿ, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ, ಮತ್ತೆ ಸಮುದ್ರ ದಾಟಿ ಬಂದರು. ಕಣ್ಣು ಸೋತಿತ್ತು, ಆರೋಗ್ಯ ಕೆಟ್ಟಿತ್ತು. 1892ರಲ್ಲಿ ಕೊನೆಯದಾಗಿ ಊರಿಗೆ ಹೊರಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು. ನಮ್ಮ ವಾಮದಪದವಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ನಡೆದ ಕೆಲಸ ಇದು.

ಈ ನಿಘಂಟನ್ನು ಮೊದಲ ಬಾರಿ ತೆರೆದಾಗ ನನ್ನ ಕಣ್ಣಿಗೆ ಬಿದ್ದದ್ದು ಪದಗಳ ಅರ್ಥವಲ್ಲ, ಅರ್ಥದ ಪಕ್ಕದಲ್ಲಿದ್ದ ಸಣ್ಣ ಸಣ್ಣ ಅಕ್ಷರಗಳು. ಒಂದು ಪದ ಶಬ್ದಮಣಿದರ್ಪಣದಲ್ಲಿ ಬಂದಿದ್ದರೆ ಪ್ರತಿ ಸಲವೂ ಆ ಉದ್ದದ ಹೆಸರನ್ನು ಕಿಟೆಲ್ ಬರೆಯುವುದಿಲ್ಲ. ಮೂರು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹಾಕುತ್ತಾರೆ. ಮೈಸೂರು ಸೀಮೆಯ ಬಳಕೆಗೆ ಎರಡಕ್ಷರ. ತದ್ಭವಕ್ಕೆ ಮೂರು. ತುಳುವಿಗೆ ಎರಡು, ತೆಲುಗಿಗೆ ಎರಡು, ತಮಿಳಿಗೆ ಒಂದೇ ಒಂದು. ಈ ಗುರುತುಗಳ ಪೂರ್ಣ ಅರ್ಥವನ್ನು ಪುಸ್ತಕದ ಆರಂಭದಲ್ಲಿ ಪಟ್ಟಿ ಮಾಡಿ ಕೊಟ್ಟಿದ್ದಾರೆ.

ನಾವು ಕಂಪ್ಯೂಟರಿನಲ್ಲಿ ದಿನಾ ಮಾಡುವುದು ಇದನ್ನೇ. ಕನ್ನಡದ ಪ್ರತಿ ಅಕ್ಷರಕ್ಕೂ ಯೂನಿಕೋಡ್‌ನಲ್ಲಿ ಒಂದು ಸಂಖ್ಯೆಯಿದೆ. ‘ಕ’ ಎಂದರೆ 3221. ಸಾಮಾನ್ಯ ಯುಟಿಎಫ್-8 ಕ್ರಮದಲ್ಲಿ ಅಂಥ ಒಂದೊಂದಕ್ಕೂ 3 ಬೈಟ್ ಜಾಗ ಬೇಕು. ಒತ್ತು, ಗುಣಿತಗಳ ಗುರುತೂ ಸೇರಿ ಶಬ್ದಮಣಿದರ್ಪಣ ಎಂಬ ಹೆಸರಿಗೆ 12 ಸಂಖ್ಯೆಗಳು, ಅಂದರೆ 36 ಬೈಟ್. ಅದರ ಬದಲು ಮೂರು ಸಾದಾ ಇಂಗ್ಲಿಷ್ ಅಕ್ಷರಗಳ ಸಂಕೇತ ಇಟ್ಟರೆ 3 ಬೈಟ್ ಸಾಕು. ಸಾವಿರ ಸಲ ಬಂದರೆ 36,000 ಬೈಟಿನ ಕಡೆ 3,000. ಜಾಗ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ ಬರೆಯುವ ತಪ್ಪು ಕಡಿಮೆಯಾಗುವುದು. ಒಬ್ಬರು ಬಂಟ್ವಾಳ, ಮತ್ತೊಬ್ಬರು ಬಂಟವಾಳ ಎಂದು ಬರೆದರೆ ಯಂತ್ರಕ್ಕೆ ಅವು ಎರಡು ಊರು. ನಮ್ಮ ಗಾಡಿಗಳ ಮೇಲಿನ ಕೆಎ 70 ಯಾರು ಬರೆದರೂ ಒಂದೇ. ಬ್ಯಾಂಕಿನ ಐಎಫ್‌ಎಸ್‌ಸಿ, ಅಂಚೆಯ ಪಿನ್‌ಕೋಡ್ ಎಲ್ಲವೂ ಇದೇ ಜಾತಿಯವು.

ಆದರೆ ಸಂಕೇತ ಬದುಕುವುದು ಅದರ ಪಟ್ಟಿ ಇರುವಷ್ಟು ದಿನ ಮಾತ್ರ. ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ನನ್ನ ಅಜ್ಜ ಅಡಿಕೆ ತೋಟದ ಲೆಕ್ಕವನ್ನು ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೆಲಸದವರ ಹೆಸರು, ಕೊಟ್ಟದ್ದು, ಬರಬೇಕಾದ್ದು ಎಲ್ಲವೂ ಒಂದೊಂದೇ ಅಕ್ಷರದಲ್ಲಿ. ಅವರು ತೀರಿಕೊಂಡ ಮೇಲೆ ಅಪ್ಪ ಅದನ್ನು ಬಿಡಿಸಿ ನೋಡಿದರು. ಒಂದು ಕಡೆ ‘ಬಾ’ ಎಂದು ಬರೆದು ಮುಂದೆ ಎರಡು ಸಾವಿರದ ಮೊತ್ತ. ಅದು ಬಾಕಿಯೋ, ಅಥವಾ ನಮ್ಮಲ್ಲಿ ದುಡಿಯುತ್ತಿದ್ದ ಬಾಬಣ್ಣನಿಗೆ ಕೊಟ್ಟು ಮುಗಿಸಿದ್ದೋ? ಬಾಬಣ್ಣ ತನಗೆ ಹಣ ಬಂದಿಲ್ಲ ಎಂದರು. ಚಿಕ್ಕಪ್ಪ ಕೊಟ್ಟಾಗಿದೆ ಎಂದು ಹಟ ಹಿಡಿದರು. ಕೊನೆಗೆ ಅಪ್ಪ ಹಣ ಕೊಟ್ಟರು. ಆದರೆ ಮಾತು ಮಾತಾಗಿ ಬಾಬಣ್ಣ ನಮ್ಮಲ್ಲಿಗೆ ಬರುವುದನ್ನೇ ಬಿಟ್ಟರು. ಅಜ್ಜನಿಗೆ ಆ ಪುಸ್ತಕ ಕನ್ನಡಿಯಂತೆ ಸ್ಪಷ್ಟವಾಗಿತ್ತು. ಪಟ್ಟಿ ಇದ್ದದ್ದು ಅವರ ತಲೆಯಲ್ಲಿ ಮಾತ್ರ.

ಮುಂದೆ ನೌಕರಿಯಲ್ಲೂ ಇದೇ ಕಂಡೆ. ಹಳೆಯ ಕಡತವೊಂದರಲ್ಲಿ ಗ್ರಾಹಕರ ಮುಂದೆ 1, 2, 9 ಎಂಬ ಅಂಕೆಗಳಿದ್ದವು. 9 ಎಂದರೇನೆಂದು ಬಲ್ಲವರು ಕೆಲಸ ಬಿಟ್ಟುಹೋಗಿದ್ದರು. ಅಳಿಸಬಹುದಾದವು ಎಂದು ಊಹಿಸಿ ನಾನು ಅಳಿಸಿದೆ. ಆ ಊಹೆ ತಪ್ಪಾಗಿತ್ತು. ಹಿಂದಿನ ಪ್ರತಿಯಿಂದ ಅವನ್ನು ಮರಳಿ ತರಲು ಎರಡು ರಾತ್ರಿ ನಿದ್ದೆಗೆಟ್ಟೆ. ಆಗಲೂ ಅಜ್ಜನ ಪುಸ್ತಕವೇ ನೆನಪಾಯಿತು.

ಕಿಟೆಲ್ ಆ ತಪ್ಪು ಮಾಡಲಿಲ್ಲ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲೇ ತೀರಿಕೊಂಡರು. ಅವರು ಹೋದ ಅರುವತ್ತು ಎಪ್ಪತ್ತು ವರ್ಷಗಳ ಬಳಿಕ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ ಬೆಳೆಸಿದರು. ಮದ್ರಾಸ್ ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು. ಕಿಟೆಲರನ್ನು ಕೇಳಲು ಯಾರೂ ಇರಲಿಲ್ಲ. ಪಟ್ಟಿ ಪುಸ್ತಕದೊಳಗೇ ಇದ್ದುದರಿಂದ ಕೇಳುವ ಅಗತ್ಯವೂ ಬೀಳಲಿಲ್ಲ.

ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ನನ್ನದೊಂದು ವಿನಂತಿ. ಶಾಲೆಯ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಕೈಗೆತ್ತಿಕೊಂಡರೆ, ಮೊದಲ ಪುಟದಲ್ಲಿ ಸಂಕೇತಗಳ ಪಟ್ಟಿ ಇರಲಿ. ನಿವೃತ್ತ ಗುರುಗಳು ನಮ್ಮೊಂದಿಗಿರುವಾಗಲೇ ಅವರಲ್ಲಿ ಕೇಳಿ ಬರೆದುಕೊಳ್ಳೋಣ. ಆ ಕೆಲಸಕ್ಕೆ ರಜೆ ಹಾಕಿ ಬಂದು ಕೂರಲು ನಾನು ತಯಾರಿದ್ದೇನೆ.