ಕಿರಣಚಿಕಿತ್ಸೆಯ ಆಚಾರ್ಯ ಕ್ಲೋದಿಯುಸ್ ರೆಗೊ

ಸ್ತ್ರೀಯರನ್ನು ಕಾಡುವ ವ್ಯಾಧಿಗಳಲ್ಲಿ ಗರ್ಭಕೋಶದ ಕೊರಳಿನ ಏಡಿಗಂತಿಯಂತೆ ಮೌನವಾಗಿ ಬೆಳೆಯುವುವು ಕೆಲವೇ. ಮುಟ್ಟು ನಿಂತ ಮೇಲೂ ರಕ್ತ ಕಾಣಿಸಿಕೊಂಡರೆ ಅದನ್ನು ಮನೆಯ ಹಿರಿಯರೆದುರಿಗೂ ಆಡದೆ, ಸೆರಗಿನ ಗಂಟಿನಲ್ಲಿ ಕಟ್ಟಿಟ್ಟಂತೆ ಇಟ್ಟುಕೊಂಡು, ಹಟ್ಟಿಯ ಕೆಲಸವನ್ನಾಗಲಿ ತೋಟದ ಕೆಲಸವನ್ನಾಗಲಿ ಬಿಡದೆ ತಿಂಗಳುಗಳನ್ನು ನೂಕಿದ ತಾಯಂದಿರು ಕೆರೆಬಿಳಚಿಯ ಸುತ್ತಿನ ಹಳ್ಳಿಗಳಲ್ಲಿಯೂ ಇಲ್ಲದಿಲ್ಲ. ಕಡೆಗೆ ನೋವು ತಡೆಯಲಾರದೆ ದಾವಣಗೆರೆಗೋ ಬೆಂಗಳೂರಿಗೋ ಹೋದಾಗ, ಶಸ್ತ್ರಕ್ರಿಯೆಯ ಕಾಲ ಮೀರಿತೆಂಬ ಮಾತನ್ನು ವೈದ್ಯರಿಂದ ಕೇಳಬೇಕಾಗುತ್ತದೆ. ಆದರೆ ಅದರ ಬೆನ್ನಲ್ಲಿಯೇ ಕಿರಣಚಿಕಿತ್ಸೆಯಿಂದ ಗುಣವಾಗುವ ಸಂಭವವುಂಟೆಂಬ ಇನ್ನೊಂದು ಮಾತೂ ಬರುತ್ತದೆ. ಈ ಎರಡನೆಯ ಮಾತನ್ನು ವೈದ್ಯರು ಧೈರ್ಯವಾಗಿ ಆಡುವಂತೆ ಮಾಡಿದ ಮಹನೀಯರಲ್ಲಿ ಫ್ರಾನ್ಸ್ ದೇಶದ ಕ್ಲೋದಿಯುಸ್ ರೆಗೊ ಅಗ್ರಗಣ್ಯರು. ಮೇರಿ ಕ್ಯೂರಿಯವರ ಹೆಸರು ಶಾಲೆಯ ಮಕ್ಕಳ ನಾಲಗೆಯ ಮೇಲಿದೆ. ಆಕೆಯ ಪಕ್ಕದ ಕಟ್ಟಡದಲ್ಲಿ ಕುಳಿತು ರೇಡಿಯಮ್ಮನ್ನು ಔಷಧವಾಗಿಸಿದ ಈ ವೈದ್ಯರ ಹೆಸರು ವೈದ್ಯಲೋಕದ ಆಚೆಗೆ ಅಷ್ಟಾಗಿ ಹಬ್ಬಲಿಲ್ಲ.

ರೆಗೊ ಅವರು 1870ರ ಜನವರಿ 30ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಜನಿಸಿದರು. ಅಲ್ಲಿಯೇ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಜೋಸೆಫ್ ರೆನೊ ಎಂಬ ಪ್ರಾಧ್ಯಾಪಕರ ಬಳಿ ಅಂಗಾಂಶಶಾಸ್ತ್ರದಲ್ಲಿ ಪಳಗಿದರು. ದೇಹದ ಅಂಗಗಳನ್ನು ಎಲೆಗಿಂತ ತೆಳುವಾಗಿ ಸೀಳಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಜೀವಕೋಶಗಳ ನಡತೆಯನ್ನು ಓದುವ ಶಾಸ್ತ್ರವದು. ಅವರ ಕಣ್ಣು ಹೆಚ್ಚಾಗಿ ನೆಟ್ಟಿದ್ದುದು ಗಂಡುಪ್ರಾಣಿಗಳ ವೃಷಣದ ಮೇಲೆ. ಬೀಜಾಣುಗಳನ್ನು ಹೆರುವ ಮೂಲಕೋಶಗಳು ಅಲ್ಲಿ ಜೀವಮಾನವೆಲ್ಲ ಎಡೆಬಿಡದೆ ಒಡೆದು ಇಮ್ಮಡಿಯಾಗುತ್ತಿರುತ್ತವೆ. ರೋಗಿಗಳನ್ನು ನೋಡುವುದಕ್ಕಿಂತ ಗಾಜಿನ ಪಟ್ಟಿಕೆಗಳನ್ನು ನೋಡುವುದರಲ್ಲಿಯೇ ಮೂವತ್ತೈದು ವರ್ಷ ದಾಟಿದ ಈ ವಿದ್ವಾಂಸರು ಮುಂದೆ ಸ್ತ್ರೀರೋಗದ ಚಿಕಿತ್ಸೆಗೆ ಹೊಸ ದಾರಿ ತೋರುವರೆಂದು ಆಗ ಯಾರೂ ಊಹಿಸಿರಲಾರರು.

1895ರಲ್ಲಿ ಕ್ಷಕಿರಣವೂ 1898ರಲ್ಲಿ ರೇಡಿಯಮ್ಮೂ ಲೋಕಕ್ಕೆ ಗೋಚರವಾದವು. ಕ್ಷಕಿರಣ ತಗುಲಿದ ಪ್ರಾಣಿಗಳು ಸಂತಾನಶಕ್ತಿಯನ್ನು ಕಳೆದುಕೊಳ್ಳುತ್ತವೆಂಬುದನ್ನು 1903ರಲ್ಲಿ ಜರ್ಮನಿಯ ಆಲ್ಬರ್ಸ್ ಷೋನ್‌ಬರ್ಗ್ ಎಂಬ ವೈದ್ಯರು ಕಂಡರು. ರೆಗೊ ಅವರ ಕುತೂಹಲ ಕೆರಳಿತು. ತಾವು ಚೆನ್ನಾಗಿ ಬಲ್ಲ ಅಂಗದಲ್ಲಿ ಕಿರಣವು ಯಾವ ಕೋಶವನ್ನು ಕೊಲ್ಲುತ್ತದೆ, ಯಾವುದನ್ನು ಉಳಿಸುತ್ತದೆಂಬುದನ್ನು ಅವರು ಪಟ್ಟಿಕೆಯ ಮೇಲೆ ಪಟ್ಟಿಕೆಯಿಟ್ಟು ಪರಿಶೀಲಿಸತೊಡಗಿದರು. ಒಡೆಯುತ್ತಿರುವ ಕೋಶಗಳು ಮೊದಲು ಸಾಯುತ್ತವೆ. ಬೆಳೆದು ನಿಂತವು ಬಹಳ ಮಟ್ಟಿಗೆ ತಡೆದುಕೊಳ್ಳುತ್ತವೆ. ಬೊರ್ಡೋ ನಗರದ ಬೆರ್ಗೋನಿಯೆ ಮತ್ತು ತ್ರಿಬೊಂದೋ ಎಂಬವರು 1906ರಲ್ಲಿ ಈ ತತ್ತ್ವವನ್ನೇ ನಿಯಮವಾಗಿ ಮಂಡಿಸಿದರು. ಏಡಿಗಂತಿಯೂ ಲಂಗುಲಗಾಮಿಲ್ಲದೆ ಒಡೆಯುವ ಕೋಶಗಳ ಗುಂಪಲ್ಲವೇ? ಹಾಗಾದರೆ ವೃಷಣದ ಮೂಲಕೋಶಗಳನ್ನು ಗಂತಿಗೆ ಪ್ರತಿನಿಧಿಯಾಗಿ ಭಾವಿಸಿ ಪರೀಕ್ಷಿಸಬಹುದೆಂದು ರೆಗೊ ಬಗೆದರು.

ತೊಡಕು ಇದ್ದುದು ಚರ್ಮದಲ್ಲಿ. ಒಳಗಿನ ಮೂಲಕೋಶಗಳನ್ನೆಲ್ಲ ಒಂದೇ ಸಲಕ್ಕೆ ನಾಶಮಾಡುವಷ್ಟು ಕಿರಣ ಕೊಟ್ಟರೆ ಮೇಲಿನ ಚರ್ಮ ಸುಟ್ಟು ಕೊಳೆಯುತ್ತಿತ್ತು. ಚರ್ಮ ಉಳಿಯುವಷ್ಟೇ ಕೊಟ್ಟರೆ ಮೂಲಕೋಶಗಳು ಮತ್ತೆ ಚಿಗುರುತ್ತಿದ್ದವು. ಟಗರಿನ ಮೇಲೆ ಪ್ರಯೋಗ ನಡೆಸುತ್ತಿದ್ದ ರೆಗೊ ಮತ್ತು ಅವರ ಜತೆಗಾರ ನೋಜಿಯೆ, ಕಿರಣವನ್ನು ಕಂತುಗಳಾಗಿ ಒಡೆದು, ನಡುವೆ ದಿನಗಳ ಅಂತರವಿಟ್ಟು ಕೊಟ್ಟರು. ಚರ್ಮ ಸುಡಲಿಲ್ಲ, ಟಗರು ಮಾತ್ರ ಶಾಶ್ವತವಾಗಿ ಬಂಜೆಯಾಯಿತು. 1911ರಲ್ಲಿ ಇದನ್ನು ಪ್ರಕಟಿಸಿದರು. ಸೂಳೆಕೆರೆಯ ನೀರನ್ನುಂಡು ಬೆಳೆದ ಸೀಮೆಯವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ತೂಬನ್ನೆಲ್ಲ ಒಂದೇ ದಿನ ಎತ್ತಿಬಿಟ್ಟರೆ ಬದು ಕೊಚ್ಚಿಹೋದೀತೇ ಹೊರತು ಗದ್ದೆ ನೀರು ಕುಡಿಯದು. ಸರದಿಯ ಮೇಲೆ ಬಿಟ್ಟ ನೀರೇ ಬೇರಿಗಿಳಿಯುತ್ತದೆ. ಕಂತು ಕಂತಾಗಿ ಕೊಟ್ಟಾಗ, ಈ ಸಲ ಒಡೆಯದೆ ತಪ್ಪಿಸಿಕೊಂಡ ಕೋಶ ಮುಂದಿನ ಸಲ ಒಡೆಯುವ ಹೊತ್ತಿಗೆ ಸಿಕ್ಕಿಬೀಳುತ್ತದೆ. ಚರ್ಮಕ್ಕೆ ನಡುವೆ ಚೇತರಿಸಿಕೊಳ್ಳಲು ಅವಕಾಶ ದೊರೆಯುತ್ತದೆ ಎಂಬುದು ರೆಗೊ ಅವರ ವಿವರಣೆ. ಮುಂದಿನ ಜೀವಶಾಸ್ತ್ರಜ್ಞರು ಈ ವಿವರಣೆಯ ಕೆಲವಂಶಗಳನ್ನು ತಿದ್ದಿದರು. ವೃಷಣವು ಗಂತಿಗೆ ತಕ್ಕ ಮಾದರಿಯಲ್ಲವೆಂಬ ಆಕ್ಷೇಪವನ್ನೂ ಎತ್ತಿದರು. ಆಕ್ಷೇಪ ನ್ಯಾಯವಾದುದೇ. ಆದರೂ ಅದರಿಂದ ತೆಗೆದ ಫಲಿತಾಂಶ ಮನುಷ್ಯರಲ್ಲಿ ನಿಜವಾಯಿತು. ಇಂದು ಬೆಂಗಳೂರಿನ ಆಸ್ಪತ್ರೆಯ ಸಮೀಪದ ಧರ್ಮಶಾಲೆಯಲ್ಲಿ ಐದಾರು ವಾರ ಉಳಿದು ದಿನವೂ ನಾಲ್ಕೈದು ನಿಮಿಷದ ಕಿರಣಕ್ಕಾಗಿ ಸಾಲಿನಲ್ಲಿ ಕೂರುವ ಹಳ್ಳಿಯ ಹೆಂಗಸು, ಇದನ್ನೆಲ್ಲ ಒಂದೇ ದಿನದಲ್ಲಿ ಮುಗಿಸಬಾರದೇಕೆಂದು ಕೇಳಿದರೆ, ಆ ಪ್ರಶ್ನೆಗೆ ಮೊದಲ ಉತ್ತರ ಕೊಟ್ಟುದು ಲಿಯೋನಿನ ಆ ಟಗರು.

ಪ್ಯಾರಿಸ್ ವಿಶ್ವವಿದ್ಯಾನಿಲಯವೂ ಪಾಶ್ಚರ್ ಸಂಸ್ಥೆಯೂ ಕೂಡಿ ರೇಡಿಯಂ ಸಂಸ್ಥೆಯೊಂದನ್ನು ಕಟ್ಟಲು 1909ರಲ್ಲಿ ನಿಶ್ಚಯಿಸಿದವು. ಅದರಲ್ಲಿ ಎರಡು ಕಟ್ಟಡ, ನಡುವೆ ಕೈತೋಟ. ಭೌತ ಮತ್ತು ರಸಾಯನ ಶಾಸ್ತ್ರಗಳ ಒಂದು ಭಾಗ ಮೇರಿ ಕ್ಯೂರಿಯವರದು. ಜೀವಶಾಸ್ತ್ರ ಮತ್ತು ವೈದ್ಯದ ಇನ್ನೊಂದು ಭಾಗಕ್ಕೆ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾದ ಎಮಿಲ್ ರೂ ಅವರು ರೆಗೊ ಅವರನ್ನು ಲಿಯೋನಿನಿಂದ ಕರೆಸಿಕೊಂಡರು. 1914ರ ಬೇಸಗೆಯಲ್ಲಿ ಕಟ್ಟಡ ಮುಗಿಯಿತು. ಆಗಸ್ಟಿನಲ್ಲಿ ಮಹಾಯುದ್ಧ ಮೊದಲಾಯಿತು. ಕ್ಯೂರಿಯವರು ಕ್ಷಕಿರಣದ ಮೋಟಾರುಗಳನ್ನು ಹೊರಡಿಸಿದರು. ರೆಗೊ ಅವರು ವೋಜ್ ಬೆಟ್ಟಗಳ ಜೆರಾರ್ಮೆಯಲ್ಲಿ ಸೈನಿಕ ಆಸ್ಪತ್ರೆಯ ಹೊಣೆ ಹೊತ್ತರು. 1917ರಲ್ಲಿ ಬೂಲೂಸ್ ಎಂಬಲ್ಲಿ ಅವರ ನೇತೃತ್ವದ ಆಸ್ಪತ್ರೆ ಸೈನಿಕ ವೈದ್ಯರಿಗೆ ಪಾಠಶಾಲೆಯೂ ಆಯಿತು. ಶಸ್ತ್ರವೈದ್ಯ, ಕ್ಷಕಿರಣತಜ್ಞ, ರೋಗಾಣುಶಾಸ್ತ್ರಜ್ಞರನ್ನು ಒಬ್ಬ ಗಾಯಾಳುವಿನ ಮಂಚದ ಸುತ್ತ ಒಟ್ಟಿಗೆ ನಿಲ್ಲಿಸುವ ಪದ್ಧತಿ ಅಲ್ಲಿ ರೂಢಿಯಾಯಿತು. ಪ್ರಯೋಗಶಾಲೆಯ ಏಕಾಂತದಲ್ಲಿದ್ದ ವಿದ್ವಾಂಸರನ್ನು ವೈದ್ಯಸಂಘಟಕರನ್ನಾಗಿ ಮಾಡಿದುದು ಯುದ್ಧವೇ ಎನ್ನಬೇಕು.

1919ರಲ್ಲಿ ಪ್ಯಾರಿಸಿಗೆ ಮರಳಿದಾಗ ಅವರ ಮುಂದೆ ಬಂದ ರೋಗಿಗಳಲ್ಲಿ ಗರ್ಭಕೋಶದ ಕೊರಳಿನ ಏಡಿಗಂತಿಯವರು ಬಹುಮಂದಿ. ಈ ರೋಗಕ್ಕೆ ಅಂದು ಪ್ರಸಿದ್ಧವಾಗಿದ್ದುದು ವಿಯೆನ್ನಾದ ವೆರ್ಟ್‌ಹೈಮ್ ಅವರು 1898ರಲ್ಲಿ ಆರಂಭಿಸಿದ ಮಹಾಶಸ್ತ್ರಕ್ರಿಯೆ. ಅದರಲ್ಲಿ ಗುಣವಾದವರುಂಟು, ಮೊದಲ ವರ್ಷಗಳಲ್ಲಿ ಶಸ್ತ್ರದಿಂದಲೇ ಮಡಿದವರೂ ಕಡಿಮೆಯಲ್ಲ. ಗಂತಿ ಅಕ್ಕಪಕ್ಕಕ್ಕೆ ಹಬ್ಬಿದ್ದರಂತೂ ಚೂರಿ ನಿಷ್ಪ್ರಯೋಜಕ. ರೇಡಿಯಮ್ಮನ್ನು ಈ ರೋಗಕ್ಕೆ 1903ರಲ್ಲಿಯೇ ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆ ಬಳಸಿದ್ದರು. ಆದರೆ ಎಷ್ಟು, ಎಷ್ಟು ಹೊತ್ತು, ಎಲ್ಲಿಟ್ಟು ಎಂಬುದಕ್ಕೆ ಕಟ್ಟುಪಾಡಿರಲಿಲ್ಲ. ಜರ್ಮನಿಯ ಎರ್ಲಾಂಗೆನ್ನಿನ ಸೈಟ್ಸ್ ಮತ್ತು ವಿಂಟ್ಸ್ ಅವರು ಗಂತಿಯನ್ನು ಒಂದೇ ಹೊಡೆತಕ್ಕೆ ಕೊಲ್ಲುವ ಪೂರ್ಣಪ್ರಮಾಣದ ಕ್ಷಕಿರಣವನ್ನು ಪ್ರತಿಪಾದಿಸುತ್ತಿದ್ದರು. ರೆಗೊ ಅದಕ್ಕೆ ತದ್ವಿರುದ್ಧವಾದ ಹಾದಿ ಹಿಡಿದರು.

ರೇಡಿಯಮ್ಮಿನ ಸಣ್ಣ ಪ್ರಮಾಣವನ್ನು ಪ್ಲಾಟಿನಂ ಕೊಳವೆಗಳಲ್ಲಿ ತುಂಬಿ ಗರ್ಭಕೋಶದೊಳಗೆ ಇಡುವುದು. ಬೂಚಿನ ಎರಡು ತುಂಡುಗಳಲ್ಲಿ ಇನ್ನೆರಡು ಕೊಳವೆಗಳನ್ನು ಅಡಗಿಸಿ ಕೊರಳಿನ ಎರಡು ಮಗ್ಗುಲಿಗೆ ಒತ್ತಿ ನಿಲ್ಲಿಸುವುದು. ಐದರಿಂದ ಎಂಟು ದಿನ ಹಾಗೆಯೇ ಬಿಡುವುದು. ಸುಡುವ ಮೃದುಕಿರಣಗಳು ಲೋಹದಲ್ಲಿ ಸೋಸಿಹೋಗಿ ಆಳಕ್ಕಿಳಿಯುವ ಕಿರಣ ಮಾತ್ರ ಹೊರಬರುತ್ತಿತ್ತು. ಪಕ್ಕದಲ್ಲಿ ಮೂತ್ರಕೋಶ, ಹಿಂದೆ ಮಲಾಶಯ. ಬೆರಳಿನಷ್ಟು ಅಂತರ ತಪ್ಪಿದರೂ ಅವು ತೂತಾಗುವ ಅಪಾಯವಿದ್ದುದರಿಂದ ಬೂಚಿನ ತುಂಡಿನ ದಪ್ಪವೂ ಲೆಕ್ಕಕ್ಕೆ ಬರುತ್ತಿತ್ತು. ಇದು ಪ್ಯಾರಿಸ್ ಪದ್ಧತಿ ಎಂದು ಹೆಸರಾಯಿತು. ಸ್ವೀಡನ್ನಿನ ಸ್ಟಾಕ್‌ಹೋಮ್ ಪದ್ಧತಿಯಲ್ಲಿ ಹೆಚ್ಚು ರೇಡಿಯಮ್ಮನ್ನು ಒಂದೊಂದು ದಿನದಂತೆ, ನಡುವೆ ವಾರಗಳ ಬಿಡುವಿಟ್ಟು ಎರಡು ಮೂರು ಬಾರಿ ಇಡುತ್ತಿದ್ದರು. 1930ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನವರು ರೂಪಿಸಿದ ಪದ್ಧತಿಗೆ ಈ ಎರಡೂ ಆಧಾರವಾದವು.

ರೆಗೊ ಅವರ ಶಿಷ್ಯರ ವಿಷಯವನ್ನೂ ಹೇಳಬೇಕು. ಆಂತ್ವಾನ್ ಲಾಕಸಾಞ್ ಲಿಯೋನಿನಿಂದಲೇ ಹಿಂಬಾಲಿಸಿದವರು. ಅಂಡಾಶಯದ ಮೇಲೆ ಕಿರಣದ ಪರಿಣಾಮವನ್ನು ಕುರಿತು 1913ರಲ್ಲಿ ಪ್ರಬಂಧ ಬರೆದವರು. ಆಂರಿ ಕುತಾರ್ ಗಂಟಲಿನ ಏಡಿಗಂತಿಗೆ ಗುರುವಿನ ಕಂತಿನ ತತ್ತ್ವವನ್ನು ಅನ್ವಯಿಸಿ, ವಾರಗಟ್ಟಲೆ ದಿನದಿನವೂ ಸ್ವಲ್ಪ ಸ್ವಲ್ಪ ಕ್ಷಕಿರಣ ಕೊಟ್ಟು ಗುಣಪಡಿಸಿ ತೋರಿದರು. ಎರ್ಲಾಂಗೆನ್ನಿನ ವಾದಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. 1927ರಲ್ಲಿ ಫೆರೂ ಅವರೊಡನೆ ಮೊಲಗಳ ಮೇಲೆ ನಡೆಸಿದ ಪ್ರಯೋಗದಿಂದ ರೆಗೊ ತಮ್ಮ ಹಳೆಯ ಟಗರಿನ ಪಾಠವನ್ನು ಮತ್ತೊಮ್ಮೆ ದೃಢಪಡಿಸಿಕೊಂಡರು.

ಈ ಚಿಕಿತ್ಸೆ ಅಗ್ಗದ್ದಾಗಿರಲಿಲ್ಲ. ಒಂದು ಗ್ರಾಂ ರೇಡಿಯಮ್ಮಿಗೆ ಅಂದು ಒಂದು ಲಕ್ಷ ಡಾಲರು ಬೆಲೆ. ವೈದ್ಯರೂ ಧನಿಕರೂ ಆಗಿದ್ದ ಆಂರಿ ದ ರಾಥ್‌ಶೀಲ್ಡ್ ಅವರ ಉದಾರ ದಾನದಿಂದ 1920ರಲ್ಲಿ ಕ್ಯೂರಿ ಪ್ರತಿಷ್ಠಾನ ಸ್ಥಾಪಿತವಾಗಿ, ಸಂಶೋಧನೆಗೂ ರೋಗಿಗಳ ಸೇವೆಗೂ ಆಸರೆಯಾಯಿತು. 1919ರಿಂದ 1935ರ ವರೆಗೆ ರೇಡಿಯಂ ಸಂಸ್ಥೆಯಲ್ಲಿ 8,319 ರೋಗಿಗಳು ಚಿಕಿತ್ಸೆ ಪಡೆದರು. ದಾಸೋಹವೆಂಬ ಮಾತು ಆ ದೇಶದಲ್ಲಿಲ್ಲ. ನಡೆ ಮಾತ್ರ ಅದೇ.

ಎಲ್ಲ ದೇಶದ ವೈದ್ಯರೂ ತಮ್ಮ ತಮ್ಮ ಪದ್ಧತಿಯೇ ಶ್ರೇಷ್ಠವೆನ್ನುತ್ತಿದ್ದರು. ಯಾರು ಯಾವ ಸ್ಥಿತಿಯ ರೋಗಿಯನ್ನು ಆರಿಸಿಕೊಂಡಿದ್ದರೆಂಬುದು ತಿಳಿಯದೆ ಗುಣವಾದವರ ಲೆಕ್ಕಕ್ಕೆ ಅರ್ಥವಿರಲಿಲ್ಲ. ರಾಷ್ಟ್ರಸಂಘದ ಆರೋಗ್ಯ ವಿಭಾಗವು ಪ್ಯಾರಿಸ್, ಸ್ಟಾಕ್‌ಹೋಮ್, ಮ್ಯೂನಿಕ್ ಕೇಂದ್ರಗಳ ತಜ್ಞರನ್ನು ಕೂಡಿಸಿ, ಗರ್ಭಕೋಶದ ಕೊರಳಿನ ಏಡಿಗಂತಿಯನ್ನು ಅದು ಹಬ್ಬಿದ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸುವ ಕ್ರಮವನ್ನು 1929ರಲ್ಲಿ ಪ್ರಕಟಿಸಿತು. ಅನೇಕ ತಿದ್ದುಪಡಿಗಳೊಂದಿಗೆ ಆ ಹಂತಗಳು ಇಂದಿಗೂ ಬಳಕೆಯಲ್ಲಿವೆ. 1941ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಾಗಲಿ, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಾಗಲಿ ರೋಗಿಯ ಚೀಟಿಯ ಮೇಲೆ ಬರೆಯುವ ಹಂತದ ಅಂಕೆಗೆ ಮೂಲ ಅಲ್ಲಿಯದೇ. ರೇಡಿಯಂ ಮಾತ್ರ ಆಸ್ಪತ್ರೆಗಳಿಂದ ಮರೆಯಾಗಿ, ಸೀಸಿಯಂ, ಇರಿಡಿಯಂ, ಕೋಬಾಲ್ಟುಗಳು ಆ ಸ್ಥಾನಕ್ಕೆ ಬಂದವು.

1934ರ ಜುಲೈ 4ರಂದು ಮೇರಿ ಕ್ಯೂರಿ ತೀರಿಕೊಂಡರು. ಬಾಳೆಲ್ಲ ಕಿರಣದೊಡನೆ ಒಡನಾಡಿದ ಆಕೆಯ ರಕ್ತವೇ ಬತ್ತಿತ್ತು. ಎರಡು ವರ್ಷದ ಮೇಲೆ, 1936ರಲ್ಲಿ, ರೆಗೊ ಅವರು ಬಹುಕಾಲದಿಂದ ಬಯಸಿದ್ದ ಆಸ್ಪತ್ರೆ ಕ್ಯೂರಿಯವರ ಹೆಸರಿನಲ್ಲಿ ತೆರೆಯಿತು. ಮರುವರ್ಷ ಅವರು ಅಧಿಕಾರವನ್ನು ಲಾಕಸಾಞ್ ಅವರಿಗೆ ಒಪ್ಪಿಸಿ ನಿವೃತ್ತರಾದರು. 1940ರ ಜೂನಿನಲ್ಲಿ ಪ್ಯಾರಿಸ್ ಜರ್ಮನ್ನರ ವಶವಾಯಿತು. ಅದೇ ವರ್ಷ ಡಿಸೆಂಬರ್ 29ರಂದು, ಹುಟ್ಟೂರು ಲಿಯೋನಿಗೆ ಸಮೀಪದ ಕೂಜೋನ್ ಎಂಬ ಹಳ್ಳಿಯಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು.